ಮಾಯೆಯ ಬೆಂಕಿ, ಇಪ್ಪತ್ತು ಮುಖದ ದಾಳ

ಹಗ್ಗವನ್ನು ಕಂಡು ಹಾವೆಂದು ಬೆಚ್ಚಿದವನ ದೃಷ್ಟಾಂತ ವೇದಾಂತವನ್ನು ಓದದವರಿಗೂ ತಿಳಿದದ್ದೇ. ದೀಪ ತಂದೊಡನೆ ಹಾವು ಇಲ್ಲವಾಗುತ್ತದೆ, ಹಗ್ಗ ಉಳಿಯುತ್ತದೆ. ಆದರೆ ದೀಪ ಬರುವುದಕ್ಕೆ ಮೊದಲೇ ಭಯದಿಂದ ಎದೆಯೊಡೆದು ಸತ್ತವನ ಗತಿಯೇನು? ಹಾವು ಸುಳ್ಳಾದರೂ ಅವನ ಸಾವು ಸುಳ್ಳಲ್ಲವಷ್ಟೆ! ಇಲ್ಲದ ವಸ್ತುವಿಗೆ ಕೊಲ್ಲುವ ಶಕ್ತಿ ಎಲ್ಲಿಂದ ಬಂದಿತು? ನೋಡಿದವನ ನಂಬಿಕೆಯಿಂದಲೇ ಬಂದಿತೆನ್ನಬೇಕು.

ದಾರ್ಶನಿಕರು ಗ್ರಂಥಗಳಲ್ಲಿ ಚರ್ಚಿಸಿದ ಈ ಪ್ರಶ್ನೆಯನ್ನು ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಒಂದು ಆಟದ ನಿಯಮವಾಗಿ ಅಚ್ಚುಹಾಕಿಸಿದರೆಂದರೆ ಯಾರಿಗಾದರೂ ಆಶ್ಚರ್ಯವಾದೀತು. ಆ ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ನೆಲಮಾಳಿಗೆಗಳು ಮತ್ತು ಬೆಂಕಿಯುಗುಳುವ ಘಟಸರ್ಪಗಳು ಎಂದು ಅದರ ಅರ್ಥ. ಅದರಲ್ಲಿ ಮಾಯಾಮಂತ್ರಗಳಿವೆ, ಅವುಗಳಿಂದ ಪಾರಾಗಲು ದಾಳವನ್ನು ಎಸೆಯುವ ಒಂದು ಕ್ರಮವಿದೆ. ಆ ಎಸೆತವನ್ನು ‘ಸೇವಿಂಗ್ ಥ್ರೋ’ ಎಂದು ಕರೆಯುತ್ತಾರೆ. ಮಾಯೆಗೂ ಈ ಎಸೆತಕ್ಕೂ ಇರುವ ಸಂಬಂಧ ಆಟದ ಅತ್ಯಂತ ಸ್ವಾರಸ್ಯವಾದ ಭಾಗ. ಅತ್ಯಂತ ಜಗಳದ ಭಾಗವೂ ಅದೇ.

ಆಟದ ಹುಟ್ಟು

ಈ ಆಟಕ್ಕೆ ಮೂಲ ಯುದ್ಧದ ಆಟಗಳಲ್ಲಿದೆ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿಯಾದ ರೈಸ್‌ವಿಟ್ಸ್ ಎಂಬಾತನು ಸೈನ್ಯಾಧಿಕಾರಿಗಳ ತರಬೇತಿಗಾಗಿ ‘ಕ್ರೀಗ್‌ಸ್ಪೀಲ್’ ಎಂಬ ಆಟವನ್ನು ರೂಪಿಸಿದ್ದನು. ಅದರಲ್ಲಿ ಭೂಪಟವಿತ್ತು, ದಾಳಗಳಿದ್ದವು, ಎರಡು ಪಕ್ಷಗಳಿಗೂ ಸೇರದ ಒಬ್ಬ ಮಧ್ಯಸ್ಥನಿದ್ದನು. ಶತ್ರುವಿನ ಪಡೆ ಎಲ್ಲಿ ಅಡಗಿದೆಯೆಂಬುದು ಮಧ್ಯಸ್ಥನಿಗೆ ಗೊತ್ತು. ಆಟಗಾರನಿಗೆ ಕಣ್ಣಿಗೆ ಕಾಣುವಷ್ಟು ಮಾತ್ರ ಗೊತ್ತು. 1913ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ ಎಚ್. ಜಿ. ವೆಲ್ಸ್ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಆಟಿಕೆಯ ಸಿಪಾಯಿಗಳ ಯುದ್ಧವನ್ನು ಮನೆಯ ನೆಲದ ಮೇಲಕ್ಕೆ ತಂದನು.

ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಇಂತಹ ಆಟಗಳ ಹುಚ್ಚು ಹಿಡಿದವರಲ್ಲೊಬ್ಬರು. ಜೀವನೋಪಾಯಕ್ಕಾಗಿ ಅವರು ವಿಮಾ ಕಂಪೆನಿಯೊಂದರಲ್ಲಿ ಗಂಡಾಂತರಗಳನ್ನು ಅಳೆದು ಕಂತು ನಿಗದಿಮಾಡುವ ಕೆಲಸದಲ್ಲಿದ್ದರು. ಆ ಕೆಲಸ ಹೋದ ಮೇಲೆ ಮನೆಯಲ್ಲಿಯೇ ಪಾದರಕ್ಷೆಗಳನ್ನು ದುರಸ್ತಿಮಾಡುತ್ತಿದ್ದರು. 1971ರಲ್ಲಿ ಜೆಫ್ ಪೆರೆನ್ ಎಂಬವರೊಡಗೂಡಿ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟವನ್ನು ಪ್ರಕಟಿಸಿದರು. ಅದರ ಕೊನೆಯ ಭಾಗದಲ್ಲಿ ಮಂತ್ರವಾದಿಗಳೂ ಡ್ರಾಗನ್ನುಗಳೂ ಸೇರಿಕೊಂಡವು. ನೆರೆಯ ಮಿನೆಸೋಟದ ಡೇವ್ ಆರ್ನೆಸನ್ ಎಂಬ ತರುಣನು ಇದನ್ನು ಬೇರೊಂದು ದಿಕ್ಕಿಗೆ ತಿರುಗಿಸಿದನು: ಒಬ್ಬ ಆಟಗಾರನಿಗೆ ಒಂದು ಸೈನ್ಯವೇಕೆ? ಒಬ್ಬನೇ ವೀರನು ಸಾಲದೆ? ಇಬ್ಬರ ಯೋಚನೆಗಳೂ ಕೂಡಿ 1974ರ ಜನವರಿಯಲ್ಲಿ ಮೂರು ಪುಟ್ಟ ಪುಸ್ತಕಗಳ ಒಂದು ಪೆಟ್ಟಿಗೆಯಾಗಿ ಹೊರಬಂದವು. ಮೊದಲ ಮುದ್ರಣದ ಪ್ರತಿಗಳು 1000. ಬೆಲೆ 10 ಡಾಲರು.

ಆಟದ ರೀತಿ ಸರಳವಾದುದು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬನು ಸೂತ್ರಧಾರ, ಅವನನ್ನು ‘ಡಂಜನ್ ಮಾಸ್ಟರ್’ ಎನ್ನುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ: ಕತ್ತಿ ಹಿಡಿದ ಭಟ, ಮಂತ್ರವಾದಿ, ದೇವರ ಸೇವಕನಾದ ಪುರೋಹಿತ, ಬೀಗ ತೆರೆಯಬಲ್ಲ ಕಳ್ಳ. ಸೂತ್ರಧಾರನು ಕಣ್ಣಿಗೆ ಕಾಣುವುದನ್ನೂ ಕಿವಿಗೆ ಕೇಳುವುದನ್ನೂ ಮಾತಿನಲ್ಲಿ ವರ್ಣಿಸುತ್ತಾನೆ. ಆಟಗಾರರು ತಮ್ಮ ಪಾತ್ರ ಏನು ಮಾಡುತ್ತದೆಯೆಂದು ಹೇಳುತ್ತಾರೆ. ಫಲ ಸಂದೇಹಾಸ್ಪದವಾದಲ್ಲಿ ದಾಳ ತೀರ್ಪು ಕೊಡುತ್ತದೆ. ಒಂದೇ ಕಥೆ ವಾರಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಡೆಯುವುದುಂಟು. ಒಂದು ಪಾತ್ರವನ್ನು ಅಷ್ಟು ಕಾಲ ಸಾಕಿ ಬೆಳೆಸಿದವನಿಗೆ ಅದರ ಸಾವು ಹಗುರವಾದ ಸಂಗತಿಯಲ್ಲ.

ಪಾರಾಗುವ ಎಸೆತ

ಇಲ್ಲಿಯ ಮುಖ್ಯ ದಾಳಕ್ಕೆ ಪಗಡೆಯ ದಾಳದಂತೆ ನಾಲ್ಕು ಮುಖಗಳಲ್ಲ, ಇಪ್ಪತ್ತು ಮುಖಗಳು. ಪ್ರತಿಯೊಂದು ಮುಖವೂ ಸಮಬಾಹು ತ್ರಿಕೋನ. ಗೈಗ್ಯಾಕ್ಸ್ ಇಂತಹ ದಾಳಗಳನ್ನು ಮೊದಲು ಕಂಡದ್ದು ಶಾಲೆಗಳಿಗೆ ಬೋಧನ ಸಾಮಗ್ರಿಗಳನ್ನು ಮಾರುವ ಸಂಸ್ಥೆಯೊಂದರ ಬೆಲೆಪಟ್ಟಿಯಲ್ಲಿ. ಇಪ್ಪತ್ತು ಮುಖಗಳಿರುವುದರಿಂದ ಒಂದೊಂದು ಅಂಕಿಗೂ ನೂರಕ್ಕೆ 5ರಷ್ಟು ಸಂಭವ. ಹೀಗಾಗಿ ಲೆಕ್ಕ ಬಹಳ ಸುಲಭ.

ವಿಷ ಮೈಗೇರಿತು, ಡ್ರಾಗನ್ ಉಸಿರು ಬಿಟ್ಟಿತು, ಮಂತ್ರವಾದಿ ಶಾಪಕೊಟ್ಟನು ಎಂದಿಟ್ಟುಕೊಳ್ಳೋಣ. ಆಗ ಪಾತ್ರಕ್ಕೆ ಉಳಿಯುವ ಕೊನೆಯ ಅವಕಾಶವೇ ಸೇವಿಂಗ್ ಥ್ರೋ. ಗೊತ್ತಾದ ಅಂಕಿಯಷ್ಟೋ ಅದಕ್ಕಿಂತ ಹೆಚ್ಚೋ ಬಿದ್ದರೆ ಪಾತ್ರ ಪೂರ್ತಿಯಾಗಿಯೋ ಅರ್ಧವೋ ಪಾರಾಗುತ್ತದೆ. 1974ರ ನಿಯಮಗಳಲ್ಲಿ ಇಂತಹ ಗಂಡಾಂತರಗಳನ್ನು ಐದು ಬಗೆಯಾಗಿ ವಿಂಗಡಿಸಿ, ಯಾವ ವೃತ್ತಿಯವನಿಗೆ ಯಾವ ಗಂಡಾಂತರದಲ್ಲಿ ಎಷ್ಟು ಬೀಳಬೇಕೆಂದು ಪಟ್ಟಿ ಕೊಟ್ಟಿದ್ದರು. ಮುಂದೆ ಬಂದ ‘ಅಡ್ವಾನ್ಸ್ಡ್’ ಆವೃತ್ತಿಯ ಪ್ರಕಾರ, ಮಂತ್ರಗಳ ಎದುರು ಹೊಸ ಭಟನಿಗೆ 17 ಅಥವಾ ಹೆಚ್ಚು ಬೀಳಬೇಕು. ಅಂದರೆ ನೂರಕ್ಕೆ 20ರಷ್ಟು ಮಾತ್ರ ಆಸೆ. ಪುರೋಹಿತನಿಗೂ ಕಳ್ಳನಿಗೂ 15 ಸಾಕು, ಆಸೆ ನೂರಕ್ಕೆ 30. ಮಂತ್ರವಾದಿಗೆ 12 ಸಾಕು, ಆಸೆ ನೂರಕ್ಕೆ 45. ಮಂತ್ರವನ್ನು ಬಲ್ಲವನು ಮಂತ್ರಕ್ಕೆ ಬೇಗನೆ ಮರುಳಾಗನೆಂಬುದು ಇದರ ತಾತ್ಪರ್ಯ. ತೋಳಿನ ಬಲವನ್ನು ನೆಚ್ಚಿದ ಭಟನು ಇಲ್ಲಿ ಎಲ್ಲರಿಗಿಂತ ದುರ್ಬಲ. ಅನುಭವ ಹೆಚ್ಚಿದಂತೆ, ಪಾತ್ರ ಮೇಲಿನ ಹಂತಗಳಿಗೇರಿದಂತೆ, ಬೀಳಬೇಕಾದ ಅಂಕಿ ಇಳಿಯುತ್ತ ಹೋಗುತ್ತದೆ.

ಈ ನಿಯಮ ಹಾಸ್ಯಾಸ್ಪದವೆಂದು ಆಕ್ಷೇಪಿಸಿದವರುಂಟು. ಬಂಡೆಗೆ ಸರಪಳಿಯಿಂದ ಬಿಗಿದ ಮನುಷ್ಯನು ಡ್ರಾಗನ್ನಿನ ಬೆಂಕಿಯಿಂದ ಹೇಗೆ ತಾನೆ ಪಾರಾದಾನು ಎಂಬುದು ಅವರ ಪ್ರಶ್ನೆ. 1979ರಲ್ಲಿ ಪ್ರಕಟವಾದ ಸೂತ್ರಧಾರರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಇದಕ್ಕೆ ಉತ್ತರ ಕೊಟ್ಟರು. ಬೆಂಕಿಯುಗುಳುವ ಡ್ರಾಗನ್ನನ್ನೇ ಒಪ್ಪಿಕೊಂಡವರು ಇಷ್ಟನ್ನು ಒಪ್ಪಬಾರದೇಕೆ ಎಂಬುದು ಅವರ ವಾದದ ಸಾರ. ಕೊನೆಯ ಕ್ಷಣದಲ್ಲಿ ಅವನು ಜ್ವಾಲೆಯ ಕೆಳಗೆ ಕುಸಿದಿರಬಹುದು, ಬಂಡೆಯಲ್ಲಿ ಒಂದು ಬಿರುಕು ಸಿಕ್ಕಿರಬಹುದು, ಬೇಡಿಯೇ ಕಳಚಿರಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ದಾಳ ಮೊದಲು ಬೀಳುತ್ತದೆ. ಹೇಗೆ ಪಾರಾದನೆಂಬ ಕಥೆ ಆಮೇಲೆ ಹುಟ್ಟುತ್ತದೆ. ಎಂತಹ ಸ್ಥಿತಿಯಲ್ಲಿಯೂ ಮನುಷ್ಯನಿಗೆ ಒಂದು ಬಾಗಿಲು ತೆರೆದಿರಬೇಕೆಂಬುದು ಸೇವಿಂಗ್ ಥ್ರೋದ ಹಿಂದಿರುವ ಭಾವನೆ.

ನಂಬಿದವನನ್ನು ಸುಡುವ ಬೆಂಕಿ

ಮಾಯಾಮಂತ್ರಗಳ ರೀತಿಯೇ ಬೇರೆ. ಉಳಿದ ಮಂತ್ರಗಳು ವಸ್ತುವಿನ ಮೇಲೆ ನಡೆಯುತ್ತವೆ. ಇವು ನೋಡುವವನ ಬುದ್ಧಿಯ ಮೇಲೆ ನಡೆಯುತ್ತವೆ. 1974ರ ಪುಸ್ತಕದಲ್ಲಿಯೇ ‘ಫ್ಯಾಂಟಾಸ್ಮಲ್ ಫೋರ್ಸಸ್’ ಎಂಬ ಮಂತ್ರವಿತ್ತು. ಮಂತ್ರವಾದಿಯು ಮನಸ್ಸಿನಲ್ಲಿ ಕಲ್ಪಿಸಿಕೊಂಡ ಯಾವುದೇ ಆಕಾರ ಎದುರಿಗಿದ್ದವರ ಕಣ್ಣಿಗೆ ಕಟ್ಟುತ್ತದೆ. ಅವನು ಏಕಾಗ್ರತೆಯನ್ನು ಬಿಡದಿರುವವರೆಗೆ ಅದು ನಿಲ್ಲುತ್ತದೆ. ಅದನ್ನು ದಿಟವೆಂದು ನಂಬಿದವನಿಗೆ ಅದರಿಂದಾಗುವ ಪೆಟ್ಟು ದಿಟವಾದ ಪೆಟ್ಟೇ! ಹಗ್ಗದ ಹಾವು ಕಚ್ಚಿದರೂ ವಿಷವೇರುತ್ತದೆಯೆಂದಂತಾಯಿತು.

1975ರ ಚಳಿಗಾಲದಲ್ಲಿ ‘ದಿ ಸ್ಟ್ರಾಟಜಿಕ್ ರಿವ್ಯೂ’ ಎಂಬ ಆಟಗಾರರ ಪತ್ರಿಕೆಯಲ್ಲಿ ಪೀಟರ್ ಆರನ್‌ಸನ್ ಎಂಬವರು ಮಾಯೆಯೊಂದನ್ನೇ ವೃತ್ತಿಯಾಗುಳ್ಳ ಐಂದ್ರಜಾಲಿಕನ ಪಾತ್ರವನ್ನು ಸೂಚಿಸಿದರು. ‘ಇಲ್ಯೂಷನಿಸ್ಟ್’ ಎಂಬ ಈ ಪಾತ್ರ 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಸ್ಥಿರವಾದ ಸ್ಥಾನವನ್ನು ಪಡೆಯಿತು. ಬುದ್ಧಿ ಕನಿಷ್ಠ 15, ಕೈಚಳಕ ಕನಿಷ್ಠ 16 ಇದ್ದವರಿಗೆ ಮಾತ್ರ ಈ ವಿದ್ಯೆ. ಸಾಮಾನ್ಯ ಮಂತ್ರವಾದಿಯು ಮೂರನೆಯ ಶ್ರೇಣಿಯ ಮಂತ್ರವಾಗಿ ಕಲಿಯುವ ಮಾಯಾದೃಶ್ಯವನ್ನು ಐಂದ್ರಜಾಲಿಕನು ಮೊದಲ ಶ್ರೇಣಿಯಲ್ಲಿಯೇ ಕಲಿಯುತ್ತಾನೆ.

ಮಾಯೆಗೂ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನ ಮಾಯೆಗೆ ರೂಪ ಮಾತ್ರ ಉಂಟು. ಸದ್ದಿಲ್ಲ, ವಾಸನೆಯಿಲ್ಲ, ಬಿಸಿಯಿಲ್ಲ. ಎರಡನೆಯದಕ್ಕೆ ಅಲ್ಪಸ್ವಲ್ಪ ಸದ್ದು ಕೂಡಿಕೊಳ್ಳುತ್ತದೆ, ಆದರೆ ಅದು ಮಾತಾಡಲಾರದು. ಮಂತ್ರವಾದಿಯ ಗಮನ ತಪ್ಪಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ಮೂರನೆಯದು ಸದ್ದು, ವಾಸನೆ, ಬಿಸಿತಂಪುಗಳನ್ನೆಲ್ಲ ತೋರುತ್ತದೆ. ಇನ್ನೂ ಮೇಲೆ ‘ಫ್ಯಾಂಟಾಸ್ಮಲ್ ಕಿಲ್ಲರ್’ ಎಂಬ ಭಯಂಕರ ಮಂತ್ರವೊಂದಿದೆ. ಅದು ಎದುರಾಳಿಯ ಮನಸ್ಸಿನ ಆಳದಲ್ಲಿ ಅಡಗಿರುವ ಭಯಗಳಿಂದಲೇ ಒಂದು ಭೂತವನ್ನು ನಿರ್ಮಿಸಿ ಅವನ ಮೇಲೆ ಬಿಡುತ್ತದೆ. ಪಕ್ಕದಲ್ಲಿ ನಿಂತವರಿಗೆ ಏನೂ ಕಾಣದು. ಭೂತ ಮುಟ್ಟಿತೆಂದರೆ ಅವನು ಭಯದಿಂದಲೇ ಸಾಯುತ್ತಾನೆ.

ಬಂಗಾರದ ಜಿಂಕೆಯ ಪ್ರಸಂಗವನ್ನು ಬಲ್ಲವರಿಗೆ ಈ ಮೆಟ್ಟಿಲುಗಳ ಮರ್ಮ ಬೇಗನೆ ಹೊಳೆಯುತ್ತದೆ. ಮಾರೀಚನು ರೂಪವನ್ನು ತೋರಿ ಸುಮ್ಮನಾಗಿದ್ದರೆ ರಾಮನೊಬ್ಬನೇ ದೂರ ಹೋಗುತ್ತಿದ್ದನು. ರಾಮನ ದನಿಯಲ್ಲಿ ಕೂಗಿದ್ದರಿಂದಲ್ಲವೆ ಲಕ್ಷ್ಮಣನೂ ಆಶ್ರಮವನ್ನು ಬಿಡಬೇಕಾದದ್ದು!

ಒಂದು ಸಂಜೆಯ ಆಟ

ನಿಯಮಗಳನ್ನು ಬಿಡಿಬಿಡಿಯಾಗಿ ಹೇಳುವುದಕ್ಕಿಂತ 1978–79ರ ನಿಯಮಗಳಂತೆ ನಡೆಯುವ ಒಂದು ಆಟವನ್ನು ಕಲ್ಪಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಮೂವರು ಆಟಗಾರರು: ಭಟ, ಪುರೋಹಿತ, ಕಳ್ಳ. ಬೆಟ್ಟದ ಕೆಳಗಿನ ಹಳ್ಳಿಯಿಂದ ಹಿಡಿದೊಯ್ದ ಮಕ್ಕಳನ್ನು ಬಿಡಿಸಿ ತರಲು ಅವರು ನೆಲಮಾಳಿಗೆಗೆ ಇಳಿದಿದ್ದಾರೆ. ಓಣಿಯ ಕೊನೆಯಲ್ಲಿ ಗೋಡೆಯಿಂದ ಗೋಡೆಯವರೆಗೆ ಬೆಂಕಿ ಎದ್ದು ನಿಂತಿದೆಯೆಂದು ಸೂತ್ರಧಾರನು ವರ್ಣಿಸುತ್ತಾನೆ. ಆಚೆಯ ಕಡೆ, ಕಂಬದ ಮರೆಯಲ್ಲಿ, ಐಂದ್ರಜಾಲಿಕನು ಏಕಾಗ್ರಚಿತ್ತನಾಗಿ ನಿಂತಿರುವ ಸಂಗತಿ ಸೂತ್ರಧಾರನಿಗೆ ಮಾತ್ರ ಗೊತ್ತು.

ಭಟನು ಹಿಂದಕ್ಕೆ ಸರಿಯುತ್ತಾನೆ. ಕಳ್ಳನ ಪಾತ್ರದವನು ಮಾತ್ರ ಒಂದು ಪ್ರಶ್ನೆ ಕೇಳುತ್ತಾನೆ: ಬೆಂಕಿ ಚಟಚಟನೆ ಸದ್ದು ಮಾಡುತ್ತಿದೆಯೆ? ಮುಖಕ್ಕೆ ಕಾವು ತಾಗುತ್ತಿದೆಯೆ? ಇಲ್ಲ, ಸದ್ದೂ ಇಲ್ಲ, ಕಾವೂ ಇಲ್ಲವೆಂಬುದು ಉತ್ತರ. ಹಾಗಾದರೆ ಈ ಬೆಂಕಿಯನ್ನು ನಂಬುವುದಿಲ್ಲವೆಂದು ಅವನು ಹೇಳುತ್ತಾನೆ. ಹೀಗೆ ನಂಬದೆ ನಿಲ್ಲುವವನಿಗೆ ಸೇವಿಂಗ್ ಥ್ರೋ ದೊರೆಯುತ್ತದೆ. ಅವನಿಗೆ ಬೇಕಾದದ್ದು 15, ಬಿದ್ದದ್ದು 16. ಒಡನೆಯೇ ಬೆಂಕಿಯ ನಿಜಸ್ವರೂಪ ಅವನಿಗೆ ಗೋಚರವಾಗುತ್ತದೆ. ಅದು ಬರಿಯ ತೋರಿಕೆ.

ಅವನು ಇದನ್ನು ಸಂಗಡಿಗರಿಗೆ ಕೂಗಿ ಹೇಳುತ್ತಾನೆ. ಇಲ್ಲಿ ನಿಯಮ ಬಹಳ ಮಾನವೀಯವಾಗಿದೆ. ಒಬ್ಬನು ಮಾಯೆಯನ್ನು ಕಂಡುಹಿಡಿದು ಅದನ್ನು ತಿಳಿಯಹೇಳಬಲ್ಲನಾದರೆ, ಉಳಿದವರ ಎಸೆತಕ್ಕೆ 4 ಅಂಕಿ ಕೂಡುತ್ತದೆ. ಭಟನಿಗೆ 17ರ ಬದಲು ಈಗ 13 ಬಿದ್ದರೆ ಸಾಕು. ಅವನ ಆಸೆ ನೂರಕ್ಕೆ 20ರಿಂದ 40ಕ್ಕೆ, ಎಂದರೆ ಎರಡರಷ್ಟಕ್ಕೆ ಏರಿತು. ಅವನಿಗೆ ಬಿದ್ದದ್ದು 14. ಗೆಳೆಯನ ಮಾತಿಲ್ಲದಿದ್ದರೆ ಆ 14 ನಿಷ್ಪ್ರಯೋಜಕವಾಗುತ್ತಿತ್ತು. ಪುರೋಹಿತನಿಗೆ 11 ಸಾಕು. ಆದರೆ ಬಿದ್ದದ್ದು 8. ಇಬ್ಬರು ಗೆಳೆಯರು ಸುಳ್ಳೆಂದು ಆಣೆಯಿಟ್ಟು ಹೇಳುತ್ತಿದ್ದರೂ ಅವನ ಕಣ್ಣಿಗೆ ಬೆಂಕಿ ಬೆಂಕಿಯೇ. ಅವನು ನಡೆದರೆ ಸುಡುತ್ತಾನೆ.

ಮಾತು ಕೇಳಿದ ಮಾತ್ರಕ್ಕೆ ಎಲ್ಲರಿಗೂ ಭ್ರಾಂತಿ ಹರಿಯುವುದಿಲ್ಲವೆಂಬುದು ಲೋಕಾನುಭವವೂ ಹೌದು. ಪುರೋಹಿತನನ್ನು ಅಲ್ಲಿಯೇ ಬಿಟ್ಟುಹೋಗುವುದೆ? ಭಟನಿಗೆ ಒಂದು ಉಪಾಯ ಹೊಳೆಯುತ್ತದೆ. ಕಾಣದವನಿಗೆ ಈ ಮಾಯೆ ತಟ್ಟದೆಂದು ನಿಯಮವಿದೆ. ಪುರೋಹಿತನ ಕಣ್ಣಿಗೆ ಬಟ್ಟೆ ಕಟ್ಟಿ, ದಿಕ್ಕು ತಿಳಿಯದಂತೆ ಎರಡು ಸುತ್ತು ತಿರುಗಿಸಿ, ಕೈಹಿಡಿದು ನಡೆಸಿಕೊಂಡು ಹೋಗುತ್ತಾನೆ. ಮೂವರೂ ಬೆಂಕಿಯನ್ನು ದಾಟುತ್ತಾರೆ. ಕಂಬದ ಮರೆಯ ಐಂದ್ರಜಾಲಿಕನು ಸಿಕ್ಕಿಬೀಳುತ್ತಾನೆ; ಅವನ ಏಕಾಗ್ರತೆ ಮುರಿದೊಡನೆ ಬೆಂಕಿಯೂ ಇಲ್ಲ.

ಮುಂದಿನ ಕೋಣೆ ಗುಹೆಯಂತಿದೆ. ಕತ್ತಲಿನಿಂದ ಬಿಳಿಯ ಡ್ರಾಗನ್ನೊಂದು ತಲೆಯೆತ್ತುತ್ತದೆ. ಚಳಿ ಮೂಳೆಯನ್ನು ಕೊರೆಯುತ್ತದೆ, ಉಸಿರು ಹೊಗೆಯಾಗಿ ನಿಲ್ಲುತ್ತದೆ, ಹಳಸಿದ ಮಾಂಸದ ವಾಸನೆ ಬರುತ್ತದೆಯೆಂದು ಸೂತ್ರಧಾರನು ವರ್ಣಿಸುತ್ತಾನೆ. ಕಳ್ಳನೂ ಪುರೋಹಿತನೂ ಬಂಡೆಯ ಮರೆಗೆ ಓಡುತ್ತಾರೆ. ಭಟನು ಮಾತ್ರ ನಗುತ್ತಾನೆ. ಬೆಂಕಿ ಸುಳ್ಳಾಯಿತು, ಇದೂ ಸುಳ್ಳೇ. ನಂಬುವುದಿಲ್ಲವೆಂದು ಸಾರಿ, ನೆಟ್ಟಗೆ ನಡೆಯುತ್ತಾನೆ. ಸೂತ್ರಧಾರನು ಮುಖಭಾವವನ್ನು ಬದಲಿಸದೆ ದಾಳವನ್ನು ಎಸೆಯಲು ಹೇಳುತ್ತಾನೆ. ಬಿದ್ದದ್ದು 20!

ಭಟನ ಆಟಗಾರನು ಸಂತೋಷದಿಂದ ಮೇಜನ್ನು ಗುದ್ದುತ್ತಾನೆ. ಆದರೆ ಡ್ರಾಗನ್ ನಿಂತಲ್ಲಿಯೇ ನಿಂತಿದೆ. ಸುಳ್ಳನ್ನು ಸುಳ್ಳೆಂದು ತೋರಿಸುವ ಶಕ್ತಿ ದಾಳಕ್ಕುಂಟು. ದಿಟವನ್ನು ಸುಳ್ಳುಮಾಡುವ ಶಕ್ತಿ ಇಪ್ಪತ್ತಕ್ಕೂ ಇಲ್ಲ. ಡ್ರಾಗನ್ ಹಿಮದ ಉಸಿರನ್ನು ಬಿಡುತ್ತದೆ. ಅದಕ್ಕೆ ಎಷ್ಟು ಪ್ರಾಣಾಂಕಗಳಿವೆಯೋ ಅಷ್ಟೇ ಹಾನಿ, ಇಲ್ಲಿ 24. ಎಸೆತದಲ್ಲಿ 17 ಬಿದ್ದರೆ ಹಾನಿ ಅರ್ಧವಾಗುತ್ತದೆ. ಬಿದ್ದದ್ದು 11. ಭಟನ ಪ್ರಾಣಾಂಕಗಳು 10. ಲೆಕ್ಕ ಮಾಡಬೇಕಾದ ಅಗತ್ಯವೇ ಇಲ್ಲ.

ಸೂತ್ರಧಾರನ ಸಂಕಟ

ಇಂತಹ ಸಂದರ್ಭದಲ್ಲಿ ಮೇಜಿನ ಸುತ್ತ ಒಂದು ಬಗೆಯ ಮೌನ ಕವಿಯುತ್ತದೆ. ಕೆಲವು ಕಡೆ ಜಗಳವೂ ಹುಟ್ಟುತ್ತದೆ. ಮೇಲಿನ ಮೆಟ್ಟಿಲಿನ ಮಾಯೆಗೂ ಚಳಿಯಿರಬಹುದಲ್ಲ, ಹೇಗೆ ತಿಳಿಯಬೇಕಾಗಿತ್ತು ಎಂದು ಸತ್ತವನ ಆಟಗಾರನು ಕೇಳಿದರೆ ಅದರಲ್ಲಿ ತಪ್ಪಿಲ್ಲ. ಮಾಯೆಯ ನಿಯಮಗಳಲ್ಲಿ ಸೂತ್ರಧಾರನ ಪ್ರಾಮಾಣಿಕತೆಯೊಂದೇ ಆಧಾರ. ಆಟಗಾರರಿಗೆ ಅವನೇ ಕಣ್ಣು, ಅವನೇ ಕಿವಿ. ಅವನು ಹೇಳದೆ ಉಳಿಸಿದ್ದು ಅವರ ಪಾಲಿಗೆ ಇಲ್ಲವೇ ಇಲ್ಲ. ಆದುದರಿಂದ ಮಾಯೆಯನ್ನು ಒಡ್ಡುವ ಸೂತ್ರಧಾರನು ಒಂದು ಸುಳಿವನ್ನಾದರೂ ವರ್ಣನೆಯಲ್ಲಿ ಇಟ್ಟಿರಬೇಕು. ಅದನ್ನು ಮುಚ್ಚಿಟ್ಟರೆ ಅನ್ಯಾಯ, ಎತ್ತಿ ತೋರಿಸಿದರೆ ಮಾಯೆ ಸತ್ತಂತೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಮಾಯೆ ಎದುರಾದಾಗಲೆಲ್ಲ ದಾಳವೆಸೆಯಲು ಹೇಳಿದರೆ, ದಾಳ ಕೇಳಿದ್ದರಿಂದಲೇ ಆಟಗಾರನಿಗೆ ಸಂಶಯ ಬರುತ್ತದೆ. ಎಸೆತದಲ್ಲಿ ಸೋತರೂ ಅವನಿಗೆ ಗುಟ್ಟು ತಿಳಿದುಹೋಯಿತು. ಅವನ ಪಾತ್ರಕ್ಕೆ ಮಾತ್ರ ತಿಳಿದಿಲ್ಲ. ತಿಳಿದದ್ದನ್ನು ತಿಳಿಯದವನಂತೆ ನಡೆದುಕೊಳ್ಳುವುದು ಒಳ್ಳೆಯ ನಟನಿಗೆ ಸಾಧ್ಯ; ಪ್ರಾಣಭಯವಿರುವಾಗ ಎಲ್ಲರಿಗೂ ಸಾಧ್ಯವಲ್ಲ. ಇದಕ್ಕಾಗಿ ಅನೇಕ ಸೂತ್ರಧಾರರು ಎದುರಿಗೆ ಒಂದು ರಟ್ಟಿನ ತೆರೆಯನ್ನಿಟ್ಟುಕೊಂಡು ಅದರ ಹಿಂದೆ ತಾವೇ ಗುಟ್ಟಾಗಿ ದಾಳವೆಸೆಯುತ್ತಾರೆ. ಇನ್ನು ಕೆಲವರು ಕಾರಣವಿಲ್ಲದೆಯೂ ಆಗಾಗ ದಾಳವನ್ನು ಉರುಳಿಸುತ್ತಾರೆ. ಸದ್ದಿಗೆ ಅರ್ಥವೇ ಇಲ್ಲದಂತೆ ಮಾಡುವುದು ಅವರ ಜಾಣತನ.

ಮೂರನೆಯದು ಕಂಡದ್ದನ್ನೆಲ್ಲ ನಂಬುವುದಿಲ್ಲವೆನ್ನುವ ಚಾಳಿ. ಬಾಗಿಲನ್ನು ನಂಬುವುದಿಲ್ಲ, ಕಾವಲುಗಾರನನ್ನು ನಂಬುವುದಿಲ್ಲ, ಸೇತುವೆಯನ್ನು ನಂಬುವುದಿಲ್ಲ ಎಂದು ಹೆಜ್ಜೆಹೆಜ್ಜೆಗೂ ಘೋಷಿಸುವವನಿಂದ ಆಟ ಕೆಡುತ್ತದೆ. ಅಂತಹವನಿಗೆ ಆಟದೊಳಗೇ ಇರುವ ಶಿಕ್ಷೆಯೆಂದರೆ ಆ ಬಿಳಿಯ ಡ್ರಾಗನ್.

ನಿಯಮಗಳು ಬದಲಾದ ಬಗೆ

ಈ ತೊಡಕುಗಳನ್ನು ಬಿಡಿಸಲು ನಿಯಮಕಾರರು ಮತ್ತೆ ಮತ್ತೆ ಯತ್ನಿಸಿದ್ದಾರೆ. 1997ರಲ್ಲಿ ಆಟದ ಒಡೆತನ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಎಂಬ ಸಂಸ್ಥೆಗೆ ಸೇರಿತು. 2000ದಲ್ಲಿ ಅದು ಹೊರತಂದ ಮೂರನೆಯ ಆವೃತ್ತಿಯಲ್ಲಿ ಐದು ಬಗೆಯ ಸೇವಿಂಗ್ ಥ್ರೋಗಳು ಮೂರಾದವು: ದೇಹದಾರ್ಢ್ಯ, ಚುರುಕು, ಮನೋಬಲ. ಮಾಯೆಯನ್ನು ಎದುರಿಸುವುದು ಮನೋಬಲದ ಪಾಲಿಗೆ ಬಂದಿತು. ಮಾಯೆಗಳನ್ನೇ ಐದು ಉಪವರ್ಗಗಳಾಗಿ ವಿಂಗಡಿಸಿದರು. ಎಲ್ಲರಿಗೂ ಕಾಣುವ ಬರಿಯ ತೋರಿಕೆ ಒಂದು. ಇರುವ ವಸ್ತುವನ್ನೇ ಬೇರೆಯಾಗಿ ತೋರಿಸುವುದು ಇನ್ನೊಂದು. ಒಬ್ಬನ ಮನಸ್ಸಿನೊಳಗೆ ಮಾತ್ರ ಹುಟ್ಟುವುದು ಮತ್ತೊಂದು. ಬರಿಯ ತೋರಿಕೆ ಯಾರನ್ನೂ ನೋಯಿಸದು, ಭಾರವನ್ನು ಹೊರದು, ಹಸಿವನ್ನು ತಣಿಸದು ಎಂದು ಸ್ಪಷ್ಟಪಡಿಸಿದರು. ನಂಬಿದವನನ್ನು ಸುಡುತ್ತಿದ್ದ ಹಳೆಯ ಬೆಂಕಿ ಹೀಗೆ ಆರಿಹೋಯಿತು. ನೆರಳಿನಿಂದ ಮಾಡಿದ ಮಾಯೆಗೆ ಮಾತ್ರ ಕೊಂಚ ಸತ್ಯಾಂಶವನ್ನು ಉಳಿಸಿದರು. ಒಂದು ಮಂತ್ರದಲ್ಲಿ ಅದರ ಮೋಸವನ್ನು ಅರಿತವನಿಗೂ ಐದರಲ್ಲಿ ಒಂದು ಪಾಲು ಪೆಟ್ಟು ತಗಲುತ್ತದೆ.

ಇನ್ನೊಂದು ಮುಖ್ಯವಾದ ಸುಧಾರಣೆಯೂ ಆಯಿತು. ಸುಮ್ಮನೆ ನೋಡಿದವನಿಗೆ ಎಸೆತವಿಲ್ಲ. ಮಾಯೆಯನ್ನು ಗಮನವಿಟ್ಟು ಪರೀಕ್ಷಿಸಿದವನಿಗೆ, ಅಥವಾ ಅದರೊಡನೆ ಹೇಗಾದರೂ ವ್ಯವಹರಿಸಿದವನಿಗೆ ಮಾತ್ರ ಎಸೆತ. ಪ್ರತ್ಯಕ್ಷ ಪ್ರಮಾಣ ದೊರೆತವನಿಗೆ ಎಸೆತವೇ ಬೇಡ. ಮಾಯೆಯ ನೆಲದ ಮೇಲೆ ಕಾಲಿಟ್ಟು ಹಳ್ಳಕ್ಕೆ ಬಿದ್ದವನು ಅದು ಮಾಯೆಯೆಂದು ತಿಳಿಯಲು ದಾಳವನ್ನೇಕೆ ಕೇಳಬೇಕು?

2008ರ ನಾಲ್ಕನೆಯ ಆವೃತ್ತಿಯಲ್ಲಿ ಸೇವಿಂಗ್ ಥ್ರೋದ ಅರ್ಥವೇ ಬದಲಾಯಿತು. ತಗುಲಿದ ತೊಂದರೆಯನ್ನು ಕೊಡವಿಕೊಳ್ಳುವುದಕ್ಕೆ ಪ್ರತಿ ಸರದಿಯ ಕೊನೆಯಲ್ಲಿ ಎಸೆಯುವ ಎಸೆತವಾಗಿ, 10 ಅಥವಾ ಹೆಚ್ಚು ಬಿದ್ದರೆ ಬಿಡುಗಡೆಯೆಂದಾಯಿತು. 2014ರ ಐದನೆಯ ಆವೃತ್ತಿ ಹಳೆಯ ಅರ್ಥಕ್ಕೆ ಮರಳಿತು. ಆದರೆ ಸರಳ ಮಾಯೆಗಳಿಗೆ ಎಸೆತವನ್ನು ಬಿಟ್ಟು ಶೋಧನೆಯನ್ನು ಇಟ್ಟಿತು. ಆಟಗಾರನು ತನ್ನ ಸರದಿಯನ್ನು ವ್ಯಯಮಾಡಿ ವಸ್ತುವನ್ನು ಪರೀಕ್ಷಿಸಬೇಕು. ಬುದ್ಧಿಬಲದ ಅಂಕಿ ಮಂತ್ರವಾದಿಯ ಅಂಕಿಯನ್ನು ಮುಟ್ಟಬೇಕು. ಕಲ್ಲೆಸೆದು ನೋಡಿದರೂ ಸಾಕು. ಕಲ್ಲು ತೂರಿಹೋದರೆ ಗುಟ್ಟು ಬಯಲು.

ಅದೇ ಆವೃತ್ತಿಯ ‘ಫ್ಯಾಂಟಾಸ್ಮಲ್ ಫೋರ್ಸ್’ ಎಂಬ ಮಂತ್ರದಲ್ಲಿ ಮಾತ್ರ ಹಳೆಯ ಭೀಕರತೆ ಉಳಿದುಕೊಂಡಿದೆ. ಇದು ಒಬ್ಬನ ಮನಸ್ಸಿನೊಳಗೇ ಬೇರೂರುವ ಮಾಯೆ. ಇದಕ್ಕೆ ಒಳಗಾದವನು ಇಲ್ಲದ ಸೇತುವೆಯ ಮೇಲೆ ನಡೆಯಹೋಗಿ ಕಂದರಕ್ಕೆ ಬಿದ್ದರೂ, ಸೇತುವೆ ಇರಲಿಲ್ಲವೆಂದು ಒಪ್ಪುವುದಿಲ್ಲ. ಯಾರೋ ತಳ್ಳಿದರು, ಕಾಲು ಜಾರಿತು, ಗಾಳಿ ಬೀಸಿತು ಎಂದು ತಾನೇ ಒಂದು ಕಾರಣವನ್ನು ಹುಡುಕಿಕೊಳ್ಳುತ್ತಾನೆ. ಮನುಷ್ಯಸ್ವಭಾವವನ್ನು ಬಲ್ಲವರು ಬರೆದ ನಿಯಮವಿದು. ಭ್ರಾಂತಿಯನ್ನು ಉಳಿಸಿಕೊಳ್ಳಲು ಜನ ಮಾಡುವಷ್ಟು ತರ್ಕವನ್ನು ಭ್ರಾಂತಿಯನ್ನು ಕಳೆದುಕೊಳ್ಳಲು ಮಾಡುವುದಿಲ್ಲ!

ಹೊರಗಿನವರ ಭಯ

ಆಟದೊಳಗಿನ ಪ್ರಶ್ನೆ ಒಮ್ಮೆ ಆಟದ ಹೊರಗೂ ಎದ್ದಿತು. 1980ರ ದಶಕದಲ್ಲಿ ಅಮೆರಿಕದ ಕೆಲವು ತಂದೆತಾಯಂದಿರಿಗೂ ಧಾರ್ಮಿಕ ಸಂಘಗಳಿಗೂ ಈ ಆಟದ ವಿಷಯದಲ್ಲಿ ದೊಡ್ಡ ಭಯ ಹುಟ್ಟಿತು. ಮಕ್ಕಳು ಕಲ್ಪನೆಗೂ ವಾಸ್ತವಕ್ಕೂ ಇರುವ ಅಂತರವನ್ನು ಮರೆಯುತ್ತಾರೆ, ಆಟದ ಸಾವನ್ನು ಬಾಳಿನೊಳಕ್ಕೆ ತರುತ್ತಾರೆ ಎಂಬುದು ಆರೋಪ. 1985ರಲ್ಲಿ ‘60 ಮಿನಿಟ್ಸ್’ ಎಂಬ ಪ್ರಸಿದ್ಧ ಟೆಲಿವಿಷನ್ ಕಾರ್ಯಕ್ರಮ ಈ ವಿಷಯವನ್ನೆತ್ತಿಕೊಂಡಾಗ ಗೈಗ್ಯಾಕ್ಸ್ ಅದರಲ್ಲಿ ಆಟದ ಪರವಾಗಿ ಮಾತಾಡಿದರು. ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖ ದಿಟವಾದುದು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಆ ದುರಂತಗಳಿಗೆ ಆಟವೇ ಕಾರಣವೆಂಬುದು ಎಲ್ಲಿಯೂ ಸಿದ್ಧವಾಗಲಿಲ್ಲ. ಕಾಲಕ್ರಮದಲ್ಲಿ ಭಯ ಅಡಗಿತು. ಗೈಗ್ಯಾಕ್ಸ್ 2008ರಲ್ಲಿಯೂ ಆರ್ನೆಸನ್ 2009ರಲ್ಲಿಯೂ ತೀರಿಕೊಂಡರು. ಆಟ ಮುಂದುವರಿದು, 2024ರಲ್ಲಿ ಅದರ ನಿಯಮಗಳ ಪರಿಷ್ಕೃತ ಪುಸ್ತಕಗಳು ಹೊರಬರತೊಡಗಿದವು.

ವಾಸ್ತವವನ್ನು ಮರೆಸುತ್ತದೆಯೆಂದು ದೂರಿಗೊಳಗಾದ ಆಟ, ಕಂಡದ್ದನ್ನು ಪರೀಕ್ಷಿಸಿ ನೋಡುವುದಕ್ಕೆ ಇಷ್ಟೊಂದು ನಿಯಮಗಳನ್ನು ಮಾಡಿಕೊಂಡಿದೆಯೆಂಬುದು ಗಮನಿಸತಕ್ಕ ವಿಷಯ. ಸದ್ದಿದೆಯೆ, ಕಾವಿದೆಯೆ ಎಂದು ಕೇಳಬೇಕು. ತಿಳಿದವನು ತಿಳಿಯದವನಿಗೆ ಕೂಗಿ ಹೇಳಬೇಕು. ಹೇಳಿದರೂ ಕಾಣಲಾರದವನನ್ನು ಹಿಂದೆ ಬಿಡದೆ ಕೈಹಿಡಿದು ನಡೆಸಬೇಕು. ಎಲ್ಲವನ್ನೂ ನಂಬುವವನು ಮಾಯೆಯ ಬೆಂಕಿಯಲ್ಲಿ ಸುಡುತ್ತಾನೆ. ಏನನ್ನೂ ನಂಬದವನು ದಿಟವಾದ ಡ್ರಾಗನ್ನಿಗೆ ಆಹುತಿಯಾಗುತ್ತಾನೆ.

ಆ ಸಂಜೆಯ ಆಟ ಹೇಗೆ ಮುಗಿಯಿತು? ಡ್ರಾಗನ್ ಮತ್ತೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಕಳ್ಳನು ಪಕ್ಕದ ಬಾಗಿಲ ಬೀಗವನ್ನು ತೆರೆದನು. ಬೆಂಕಿಯನ್ನು ಕಡೆಯವರೆಗೂ ಸುಳ್ಳೆಂದು ಕಾಣಲಾರದೆ ಹೋದ ಪುರೋಹಿತನು ಈ ಸಲ ತನ್ನ ಕಣ್ಣನ್ನೇ ನಂಬಿ ಬದುಕಿಕೊಂಡಿದ್ದನು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೊರಕ್ಕೆ ಕರೆತಂದವನು ಅವನೇ. ಭಟನ ಆಟಗಾರನು ತನ್ನ ಪಾತ್ರದ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸದೊಂದು ಹಾಳೆಯನ್ನು ಕೇಳಿ ಪಡೆದು, ಮುಂದಿನ ವಾರದ ಆಟಕ್ಕೆ ಬೇಕಾದ ಅಂಕಿಗಳಿಗಾಗಿ ದಾಳವನ್ನು ಕೈಗೆತ್ತಿಕೊಂಡನು.